65 ಡಾಲರಿನ ಹಳೇ ವಾಲ್ವ್ ರೇಡಿಯೋ: ಒಂದು ಗುಂಡಿ ಇಲ್ಲ, ಶಾಕ್ ಹೊಡೆಯುತ್ತೆ, ಆದ್ರೂ ವಾಪಸ್ ಕೊಡಲ್ಲ

ಪಾರ್ಸಲ್ ಕೈಗೆ ಬಂದ ತಕ್ಷಣ ಒಂದ್ಸಲ ಅಲ್ಲಾಡಿಸಿ ನೋಡ್ದೆ, ಒಳಗಡೆ ಏನೋ ಲಟಲಟ ಅಂತು. ಆಗ್ಲೇ ಅನ್ಕೊಂಡೆ, 65 ಡಾಲರ್ ಹೊಳೇಲಿ ಹುಣಸೇಹಣ್ಣು ತೊಳೆದ ಹಾಗಾಯ್ತು ಅಂತ. ಮೇಲೆ ಶಿಪ್ಪಿಂಗ್ 22 ಡಾಲರ್ ಬೇರೆ. ಆನ್‌ಲೈನಲ್ಲಿ ಮಾರಿದ ಪುಣ್ಯಾತ್ಮನ ಹೆಸರು ಹಾಕಲ್ಲ, ಬಿಡಿ. "ಪೂರ್ತಿ ರಿಪೇರಿ ಆಗಿದೆ, ಚೆನ್ನಾಗಿ ಹಾಡುತ್ತೆ" ಅಂತ ಬರೆದಿದ್ದ. ಬಾಕ್ಸ್ ಬಿಚ್ಚಿದ್ರೆ ಹಿಂದಿನ ರಟ್ಟು ಬಿರುಕು ಬಿಟ್ಟಿದೆ, ವೈರು ಒಣಗಿದ ಹುರುಳಿಕಾಯಿ ಥರ ಸೆಟೆದು ನಿಂತಿದೆ, ತಿರುಗಿಸೋ ಎರಡು ಗುಂಡೀಲಿ ಒಂದು ನಾಪತ್ತೆ. ಲಟಲಟ ಅಂದಿದ್ದು ಗುಂಡಿ ಇರ್ಬೇಕು ಅಂತ ಹುಡುಕಿದೆ, ಅದೂ ಅಲ್ಲ, ಒಂದು ಸ್ಕ್ರೂ.

ವಸ್ತು ಏನು ಅಂತ ಹೇಳ್ಬಿಡ್ತೀನಿ. 1950ರ ದಶಕದ ಅಮೆರಿಕನ್ ಟೇಬಲ್ ರೇಡಿಯೋ, ಐದು ವಾಲ್ವು (ಟ್ರಾನ್ಸಿಸ್ಟರ್ ಬರೋಕೆ ಮುಂಚಿನ ಗಾಜಿನ ಬುರುಡೆಗಳು), ಕಂದು ಬಣ್ಣದ ಮೈ, ಎರಡು ಬ್ರೆಡ್ ಪ್ಯಾಕೆಟ್ ಜೋಡಿಸಿಟ್ಟಷ್ಟು ದೊಡ್ಡದು. ಬರೀ ಎಎಂ, ಅಂದ್ರೆ ಮೀಡಿಯಂ ವೇವ್ ಮಾತ್ರ. ಮುಂದಿನ ಕಂಪನಿ ಹೆಸರು ಉಜ್ಜಿ ಉಜ್ಜಿ ಅಳಿಸಿ ಹೋಗಿದೆ, ತಳದ ಚೀಟಿ ಬಿಸಿಗೆ ಸುಟ್ಟು ಕರಕಲಾಗಿದೆ, ಹಾಗಾಗಿ ಮಾಡೆಲ್ ನಂಬರ್ ಕೇಳ್ಬೇಡಿ.

ಯಾಕೆ ತಗೊಂಡೆ ಅಂದ್ರೆ, ಒಂದು ವರ್ಷದಿಂದ ನನಗೆ ಒಂದು ಹುಚ್ಚು ಹತ್ತಿದೆ, ರಾಕ್ ಅಂಡ್ ರೋಲ್ ಸಂಗೀತ ಮೊಟ್ಟಮೊದಲು ಜನರ ಕಿವಿಗೆ ಹೆಂಗೆ ಬಿತ್ತು ಅಂತ. ನಾನೂ ಎಲ್ಲರ ಹಾಗೆ ಎಲ್ವಿಸ್ ಟಿವೀಲಿ ಸೊಂಟ ಕುಣಿಸಿದ, ಹುಡುಗೀರು ಕಿರುಚಿದ್ರು, ಅಲ್ಲಿಂದ ಶುರು ಅನ್ಕೊಂಡಿದ್ದೆ. ಓದ್ತಾ ಓದ್ತಾ ಗೊತ್ತಾಯ್ತು, ಟಿವಿಗೆ ಬರೋ ಹೊತ್ತಿಗೆ ಮದುವೆ ಊಟ ಮುಗಿದು ಎಲೆ ಎತ್ತೋ ಟೈಮು. ನಿಜವಾಗಿ ಆಗಿದ್ದೆಲ್ಲಾ ಅದಕ್ಕೂ ಐದಾರು ವರ್ಷ ಮುಂಚೆ, ರಾತ್ರಿ ಹೊತ್ತು, ಇಂಥದೇ ಡಬ್ಬಾ ರೇಡಿಯೋಗಳಲ್ಲಿ, ರೆಕಾರ್ಡ್ ಅಂಗಡಿ ಜಾಹೀರಾತಿನ ಮಧ್ಯೆ ಮಧ್ಯೆ. ಅದನ್ನ ಇಯರ್‌ಫೋನಲ್ಲಿ ಕೇಳಿದ್ರೆ ಏನು ಸುಖ, ಅದೇ ಡಬ್ಬಾದಲ್ಲಿ ಕೇಳ್ಬೇಕು ಅನ್ನಿಸ್ತು. ನನ್ನ ಹೆಂಡ್ತಿ ಮಾತ್ರ "ಯೂಟ್ಯೂಬಲ್ಲಿ ಇಲ್ವಾ ಅದು" ಅಂತ ಒಂದೇ ಮಾತು ಕೇಳಿ ಒಳಗೆ ಹೋದ್ಲು.

ಮೊದಲನೇ ಸಲ ಪ್ಲಗ್ ಹಾಕಿದಾಗ ಸ್ಟೇಷನ್ ಗೀಷನ್ ಏನೂ ಇಲ್ಲ, ಜೇನುಗೂಡಿಗೆ ಕಲ್ಲು ಹೊಡೆದ ಹಾಗೆ ಗುಂಯ್ ಅಂತು. ಎರಡನೇ ನಿಮಿಷಕ್ಕೆ ಮೇಣ ಕಾಯ್ದ ವಾಸನೆ. ಆರಿಸಿ, ನಾವಿರೋ ಒಹಾಯೋದ ಕೊಲಂಬಸ್ ಊರಾಚೆ ಹಳೇ ರೇಡಿಯೋ ರಿಪೇರಿ ಮಾಡೋ ಒಬ್ಬ ತಾತನ ಹತ್ರ ತಗೊಂಡು ಹೋದೆ. ಅಂಗಡಿ ಅಂದ್ರೆ ಅವರ ಮನೆ ಗ್ಯಾರೇಜೇ, ಬೋರ್ಡೂ ಇಲ್ಲ. ಈ ರಿವ್ಯೂದಲ್ಲಿ ಐದಕ್ಕೆ ಐದು ಸ್ಟಾರ್ ಯಾರಿಗಾದ್ರೂ ಕೊಡೋದಾದ್ರೆ ಅವರಿಗೇ. ಹಿಂದಿನ ರಟ್ಟು ಬಿಚ್ಚಿ ಒಂದು ನೋಟ ಹಾಕಿ, ಫಿಲ್ಟರ್ ಕೆಪ್ಯಾಸಿಟರ್ (ಕರೆಂಟನ್ನ ಹದ ಮಾಡೋ ಭಾಗ) ಸತ್ತಿದೆ, ಮೇಣದ ಕಾಗದದ ಕೆಪ್ಯಾಸಿಟರ್ ಒಂದೂ ನಂಬೋ ಹಾಗಿಲ್ಲ, ಯಾರೂ ಇದನ್ನ ರಿಪೇರಿ ಮಾಡೇ ಇಲ್ಲ ಅಂದ್ರು. 70 ಡಾಲರ್ ತಗೊಂಡ್ರು, ವೈರೂ ಬದಲಾಯಿಸಿ ಕೊಟ್ರು.

ಅವತ್ತು ಅವರು ಹೇಳಿಕೊಟ್ಟ ಎರಡು ವಿಷಯ ಇಲ್ಲಿ ಬರೀಲೇಬೇಕು, ಯಾಕಂದ್ರೆ ಈ ಥರದ ರೇಡಿಯೋ ತಗೊಳ್ಳೋರು ಪ್ರಾಣ ಉಳಿಸ್ಕೋಬೇಕಲ್ಲ. ಈ ಅಗ್ಗದ ಸೆಟ್ಟುಗಳಲ್ಲಿ ಟ್ರಾನ್ಸ್‌ಫಾರ್ಮರ್ ಇಲ್ಲ. ಖರ್ಚು ಉಳಿಸೋಕೆ ಐದೂ ವಾಲ್ವಿನ ಫಿಲಮೆಂಟನ್ನ, ಅಂದ್ರೆ ಒಳಗೆ ಕಾಯೋ ತಂತಿನ, ಒಂದರ ಬಾಲಕ್ಕೆ ಒಂದು ಕಟ್ಟಿದ್ದಾರೆ, ಮೂರು 12 ವೋಲ್ಟಿನವು, ಒಂದು 50, ಒಂದು 35, ಎಲ್ಲಾ ಕೂಡಿಸಿದ್ರೆ 121, ಹೆಚ್ಚುಕಮ್ಮಿ ಇಲ್ಲಿನ ಗೋಡೆ ಕರೆಂಟಿನಷ್ಟೇ, ಸೀದಾ ಅದಕ್ಕೇ. ನಮ್ಮ ದೀಪಾವಳಿ ಸೀರಿಯಲ್ ಸೆಟ್ ಇದ್ದಂಗೆ, ಒಂದು ಹೋದ್ರೆ ಎಲ್ಲಾ ಹೋಯ್ತು. ಅದಿರ್ಲಿ, ಭಯ ಬೀಳೋ ವಿಷಯ ಏನಂದ್ರೆ ಒಳಗಿನ ತಗಡಿನ ಚಾಸಿಗೂ ಗೋಡೆ ಕರೆಂಟಿನ ಒಂದು ವೈರಿಗೂ ಸಂಬಂಧ ಇರುತ್ತೆ, ಪ್ಲಗ್ ಉಲ್ಟಾ ಚುಚ್ಚಿದ್ರೆ ಚಾಸಿ ಪೂರ್ತಿ ಕರೆಂಟು. ಪ್ಲಾಸ್ಟಿಕ್ ಮೈ, ಪ್ಲಾಸ್ಟಿಕ್ ಗುಂಡಿ ಇರೋವರೆಗೆ ಏನೂ ಆಗಲ್ಲ. ನನ್ನದರಲ್ಲಿ ಗುಂಡಿ ಒಂದು ಇಲ್ಲವಲ್ಲ, ಬರೀ ಕಬ್ಬಿಣದ ಕಡ್ಡಿ ಆಚೆ ಕಾಣ್ತಿದೆ, ನಾನು ಅದನ್ನೇ ಬೆರಳಲ್ಲಿ ಹಿಡಿದು ತಿರುಗಿಸ್ತಿದ್ದೆ! ತಾತ ನನ್ನ ಮುಖಾನೇ ಒಂದು ನಿಮಿಷ ನೋಡಿದ್ರು. ಆಮೇಲೆ ಡಬ್ಬಿಯಿಂದ ಟೂತ್‌ಪೇಸ್ಟ್ ಮುಚ್ಚಳ ಒಂದು ತೆಗೆದು, ಒಳಗೆ ಅಂಟು ತುಂಬಿ, ಕಡ್ಡಿಗೆ ಸಿಗಿಸಿದ್ರು. ಇವತ್ತಿಗೂ ವಾಲ್ಯೂಮ್ ತಿರುಗಿಸೋದು ಆ ಮುಚ್ಚಳದಲ್ಲೇ.

ಇನ್ನೊಂದು ಡಯಲ್ ಮೇಲಿದ್ದ ಎರಡು ಸಣ್ಣ ಗುರುತು, 640 ಹತ್ರ ಒಂದು, 1240 ಹತ್ರ ಒಂದು, ವೃತ್ತದೊಳಗೆ ತ್ರಿಕೋನ. ನಾನು ಕಂಪನಿ ಮುದ್ರೆ ಅನ್ಕೊಂಡಿದ್ದೆ. ಅದು ಬಾಂಬಿನ ಗುರುತಂತೆ. ರಷ್ಯಾದವರು ಅಣುಬಾಂಬ್ ಹಾಕೋಕೆ ಬಂದ್ರೆ ಮಿಕ್ಕ ಸ್ಟೇಷನ್ನೆಲ್ಲಾ ಬಂದ್ ಮಾಡಿ ಈ ಎರಡು ಜಾಗದಲ್ಲಿ ಮಾತ್ರ ಸರ್ಕಾರ ಮಾತಾಡುತ್ತೆ ಅನ್ನೋ ಏರ್ಪಾಡು, ಕಾನೆಲ್ರಾಡ್ ಅಂತ ಹೆಸರು. 1953ರಿಂದ 1963ರ ತನಕ ಇಲ್ಲಿ ಮಾರಿದ ರೇಡಿಯೋಗಳಿಗೆ ಈ ಗುರುತು ಇರಲೇಬೇಕಿತ್ತು. ಅಂದ್ರೆ ನನ್ನ ಸೆಟ್ಟಿನ ವಯಸ್ಸು ಅಲ್ಲೇ ಎಲ್ಲೋ. ಯೋಚನೆ ಮಾಡಿ, ಪ್ರಳಯ ಆಗೋ ಸುದ್ದಿ ಬರ್ಬೇಕಾದ ಡಬ್ಬಾದಲ್ಲೇ ಲಿಟಲ್ ರಿಚರ್ಡ್ ಅನ್ನೋ ರಾಕ್ ಅಂಡ್ ರೋಲ್ ಗಾಯಕ ಕಿರುಚಿದ್ದು ಬಂತು. ಕೆಲವು ಅಪ್ಪ ಅಮ್ಮಂದಿರಿಗೆ ಎರಡೂ ಒಂದೇ ಅನ್ನಿಸಿರ್ಬೇಕು.

ಸರಿ, ಈಗ ರಿಸೆಪ್ಷನ್ ವಿಷಯಕ್ಕೆ ಬರ್ತೀನಿ. ಹಗಲಲ್ಲಿ ಏನೂ ನಿರೀಕ್ಷೆ ಇಟ್ಕೋಬೇಡಿ. ಊರಿನ ನಾಲ್ಕೈದು ಸ್ಟೇಷನ್, ಎಲ್ಲಾದರಲ್ಲೂ ಒಂದೋ ರಾಜಕೀಯದ ಜಗಳ, ಇಲ್ಲಾ ಆಟದ ಕಾಮೆಂಟರಿ, ಇಲ್ಲಾ ಪಾದ್ರಿಗಳು. ಮನೇಲಿರೋ ಎಲ್‌ಇಡಿ ಬಲ್ಬು, ಲ್ಯಾಪ್‌ಟಾಪ್ ಚಾರ್ಜರ್, ಎಲ್ಲಾದರ ಗಲಾಟೇನೂ ಇದು ಹಿಡಿಯುತ್ತೆ, ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ ಚಟಪಟ. ಚಾರ್ಜರ್ ಕಿತ್ತು, ಬಲ್ಬು ಆರಿಸಿ, ರೇಡಿಯೋನ ಕಿಟಕಿ ಹತ್ರ ಇಟ್ಟು ಅಷ್ಟು ಇಷ್ಟು ತಿರುಗಿಸ್ಬೇಕು, ಯಾಕಂದ್ರೆ ಏರಿಯಲ್ ಹಿಂದಿನ ರಟ್ಟಿಗೇ ಸುತ್ತಿದ್ದಾರೆ, ರೇಡಿಯೋ ಯಾವ ಕಡೆ ಮುಖ ಮಾಡಿದೆ ಅನ್ನೋದರ ಮೇಲೆ ಸ್ಟೇಷನ್ ಸಿಗೋದು ಬಿಡೋದು.

ಕತ್ತಲಾದ್ಮೇಲೆ ನೋಡಿ ಆಟ. ಹಗಲು ಸೂರ್ಯನ ಬಿಸಿಲಿಗೆ ಆಕಾಶದಲ್ಲಿ ಒಂದು ಪದರ ಹುಟ್ಟಿಕೊಂಡು ಮೀಡಿಯಂ ವೇವನ್ನ ನುಂಗಿ ಹಾಕುತ್ತೆ, ಸೂರ್ಯ ಮುಳುಗಿದ ಮೇಲೆ ಆ ಪದರ ಕರಗಿ ಹೋಗುತ್ತೆ, ಆಗ ಅಲೆಗಳು ಇನ್ನೂ ಮೇಲಿನ ಪದರಕ್ಕೆ ತಾಗಿ ಚೆಂಡಿನ ಹಾಗೆ ಪುಟಿದು ನೂರಾರು ಮೈಲಿ ದೂರದಲ್ಲಿ ಇಳಿಯುತ್ತವೆ. ಊರಲ್ಲಿ ನಾವು ಚಿಕ್ಕವರಿದ್ದಾಗ ರಾತ್ರಿ ಭದ್ರಾವತಿ ಆಕಾಶವಾಣಿ ಪಕ್ಕಕ್ಕೆ ಮುಳ್ಳು ಒಂಚೂರು ಸರಿಸಿದ್ರೆ ಯಾವ್ದೋ ತಮಿಳು ಸ್ಟೇಷನ್ ಸಮುದ್ರದ ಅಲೆ ಥರ ಬಂದು ಬಂದು ಹೋಗ್ತಿತ್ತಲ್ಲ, ಅದೇ. ಅಮೆರಿಕದಲ್ಲಿ ಒಂದು ಎಎಂ ಸ್ಟೇಷನ್ನಿಗೆ ಹೆಚ್ಚಂದ್ರೆ 50,000 ವಾಟ್ ಪವರ್, ಅಂಥ ಕೆಲವು ಸ್ಟೇಷನ್ನಿಗೆ ರಾತ್ರಿ ಅಡ್ಡ ಬರದ ಹಾಗೆ ಮಿಕ್ಕವರನ್ನ ಸುಮ್ಮನಿರಿಸ್ತಿದ್ರು ಅಥವಾ ಪವರ್ ಇಳಿಸ್ತಿದ್ರು. ಅಂದ್ರೆ ಟೆನ್ನೆಸ್ಸಿಯ ನ್ಯಾಶ್‌ವಿಲ್‌ನಲ್ಲಿ ಒಬ್ಬ ಮೈಕ್ ಮುಂದೆ ಕೂತು ರೆಕಾರ್ಡ್ ಹಾಕಿದ್ರೆ ಜಾರ್ಜಿಯಾದ ಹತ್ತಿ ಹೊಲದ ಮನೆಯವರೂ, ಒಹಾಯೋದ ಕಾರ್ಖಾನೆ ಹುಡುಗನೂ ಒಟ್ಟಿಗೇ ಕೇಳ್ಬಹುದಿತ್ತು. ಕೆರಿಬಿಯನ್ ದ್ವೀಪಗಳಲ್ಲೂ ಕೇಳ್ತಿದ್ರು, ಜಮೈಕಾದ ಸಂಗೀತಗಾರರ ಕಿವಿಗೆ ಈ ಅಮೆರಿಕನ್ ಹಾಡುಗಳು ಬಿದ್ದಿದ್ದೂ ಹಿಂಗೇ.

ನ್ಯಾಶ್‌ವಿಲ್ ಅಂದ್ರೆ ಕಂಟ್ರಿ ಸಂಗೀತ, ಇಲ್ಲಿನ ಬಿಳಿಯರ ಹಳ್ಳಿ ಹಾಡು, ಅಂತಲ್ವಾ ಲೆಕ್ಕ. ಅದೇ ಊರಲ್ಲಿ ಡಬ್ಲ್ಯೂಎಲ್‌ಎಸಿ ಅಂತ ಒಂದು ಸ್ಟೇಷನ್, ಡಯಲಿನ ಬಲತುದಿ ಹತ್ರ, 1510. ಹಗಲೆಲ್ಲಾ ಸಭ್ಯಸ್ಥ. ರಾತ್ರಿ ಆಯ್ತಂದ್ರೆ ಜೀನ್ ನೋಬಲ್ಸ್, ಜಾನ್ ರಿಚ್‌ಬರ್ಗ್, ಹಾಸ್ ಆಲೆನ್ ಅನ್ನೋರು ಬಂದು ಕೂತು ಕರಿಯರ ರಿದಮ್ ಅಂಡ್ ಬ್ಲೂಸ್ ರೆಕಾರ್ಡ್ ಹಾಕೋರು, ಮುಂದೆ ರಾಕ್ ಅಂಡ್ ರೋಲ್ ಆಗಿದ್ದು ಈ ಸಂಗೀತವೇ. ಇದು ಶುರುವಾಗಿದ್ದು 1940ರ ದಶಕದ ಕೊನೇಲಿ, ಅಲ್ಲಿನ ಕರಿಯ ಕಾಲೇಜು ಹುಡುಗರು ರೆಕಾರ್ಡ್ ತಂದ್ಕೊಟ್ಟು ಇದನ್ನ ಹಾಕಿ ಸ್ವಾಮಿ ಅಂತ ಕೇಳಿದ್ದಕ್ಕಂತೆ. ಮೂವರೂ ಬಿಳಿಯರೇ. ಆದ್ರೆ ದನಿ, ಮಾತಿನ ಧಾಟಿ ಕೇಳಿ ಎಷ್ಟೋ ಜನ ಅವರನ್ನ ಕರಿಯರು ಅಂತಲೇ ನಂಬಿದ್ರು.

ದುಡ್ಡು ಹಾಕ್ತಿದ್ದೋರು ಯಾರು ಅಂತ ನೋಡಿದ್ರೆ ನನಗೆ ಬಹಳ ಮಜಾ ಅನ್ಸೋದು. ಗ್ಯಾಲಟಿನ್ ಅಂತ ನ್ಯಾಶ್‌ವಿಲ್ ಪಕ್ಕದ ಸಣ್ಣ ಊರು, ಅಲ್ಲಿನ ರ್‍ಯಾಂಡೀಸ್ ರೆಕಾರ್ಡ್ ಶಾಪ್. ನ್ಯಾಶ್‌ವಿಲ್‌ನ ಅರ್ನೀಸ್ ರೆಕಾರ್ಡ್ ಮಾರ್ಟ್. ಕೂದಲಿಗೆ ಹಚ್ಚೋ ಪೊಮೇಡ್. ಇನ್ನೂ ಒಂದು, ಕೋಳಿಮರಿ! ಅಂಚೇಲಿ ನೂರು ಕೋಳಿಮರಿ ಕಳಿಸ್ತೀವಿ ಅಂತ ಜಾಹೀರಾತು, ಅದಾದ್ಮೇಲೆ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ ಹಾಡು. ರೆಕಾರ್ಡ್ ಅಂಗಡಿಯವರು ಐದಾರು ಹಾಡಿನ ರೆಕಾರ್ಡ್ ಒಂದು ಕಟ್ಟು ಕಟ್ಟಿ, ಸ್ಪೆಷಲ್ ಅಂತ ಹೆಸರಿಟ್ಟು, ಕಾಗದ ಬರೀರಿ, ಪೋಸ್ಟ್‌ಮ್ಯಾನ್ ಬಂದಾಗ ದುಡ್ಡು ಕೊಡಿ ಅನ್ನೋರು. ನಮ್ಮ ಕ್ಯಾಶ್ ಆನ್ ಡೆಲಿವರಿನೇ. ಇದು ಸಣ್ಣ ಮಾತಲ್ಲ. ಕರಿಯರ ರೆಕಾರ್ಡ್ ಇಡದ ಅಂಗಡಿ ಎಷ್ಟೋ, ಬಿಳಿ ಹುಡುಗ ಹೋಗಿ ಕೇಳಿದ್ರೆ ಹುಬ್ಬೇರಿಸೋ ಅಂಗಡಿ ಎಷ್ಟೋ, ಅಂಗಡಿಯೇ ಇಲ್ಲದ ಹಳ್ಳಿ ಎಷ್ಟೋ. ರಾತ್ರಿ ಕೇಳಿದ್ದು ಮುಂದಿನ ವಾರ ಅಂಚೆ ಡಬ್ಬಿಗೆ ಬರೋದು. ಈ ಸಂಗೀತ ಹರಡಿದ್ದು ಕ್ರಾಂತಿ ಮಾಡ್ಬೇಕು ಅಂತ ಯಾರೋ ಹಟ ಹಿಡಿದಿದ್ದಕ್ಕಲ್ಲ, ಮಾರಾಟ ಆಗದೆ ಉಳಿದ ರಾತ್ರಿ ಟೈಮಿಗೆ ಮಾರಾಟ ಆಗದೆ ಉಳಿದ ರೆಕಾರ್ಡಿಗೆ ಗಂಟು ಹಾಕಿದ್ದಕ್ಕೆ ಅಂತ ನನ್ನ ಲೆಕ್ಕ.

ಟೈಮ್ ಯಾಕೆ ಉಳೀತು ಅಂದ್ರೆ ಟಿವಿ. 1948ರ ಆಚೆಗೆ ನಾಟಕ, ಹಾಸ್ಯ, ದೊಡ್ಡ ವಾದ್ಯಗೋಷ್ಠಿ ಎಲ್ಲಾ ಟಿವಿಗೆ ಗುಳೇ ಹೋಯ್ತು, ದೊಡ್ಡ ಜಾಹೀರಾತಿನವರೂ ಅದರ ಹಿಂದೆ ಹೋದ್ರು. ರೇಡಿಯೋ ಸ್ಟೇಷನ್ನಿನವರ ಹತ್ರ ಉಳಿದಿದ್ದು ಒಂದು ಟರ್ನ್‌ಟೇಬಲ್, ಒಬ್ಬ ಮಾತುಗಾರ, ಊರಿನ ಅಂಗಡಿಯವರು. ಮೆಂಫಿಸ್‌ನ ಡಬ್ಲ್ಯೂಡಿಐಎ ಕಥೆ ಇದಕ್ಕೆ ಸರಿಯಾದ ಉದಾಹರಣೆ. 1947ರಲ್ಲಿ ಇಬ್ಬರು ಬಿಳಿಯರು ಶುರು ಮಾಡಿದ್ರು, ಆ ಸಂಗೀತ ಈ ಸಂಗೀತ ಎಲ್ಲಾ ಹಾಕಿ ನೋಡಿದ್ರು, ಬಾಗಿಲು ಹಾಕೋ ಸ್ಥಿತಿ ಬಂತು. 1948ರ ಅಕ್ಟೋಬರಲ್ಲಿ ನ್ಯಾಟ್ ಡಿ. ವಿಲಿಯಮ್ಸ್ ಅನ್ನೋ ಕರಿಯ ಹೈಸ್ಕೂಲ್ ಮೇಷ್ಟ್ರನ್ನ ಮೈಕ್ ಮುಂದೆ ಕೂರಿಸಿದ್ರು. ಬೆದರಿಕೆ ಫೋನ್ ಬಂತು, ಜೊತೆಗೆ ಗಿರಾಕಿನೂ ಬಂದ್ರು. ಸ್ವಲ್ಪ ಕಾಲದಲ್ಲೇ ಕಾರ್ಯಕ್ರಮ ಪೂರ್ತಿ ಕರಿಯ ಕೇಳುಗರಿಗೇ ಅಂತ ಬದಲಾಯಿಸಿದ್ರು, ದೇಶದಲ್ಲೇ ಅಂಥ ಮೊದಲ ಸ್ಟೇಷನ್. ಶುರುವಲ್ಲಿ 250 ವಾಟ್, ಅದೂ ಹಗಲು ಮಾತ್ರ, 1954ಕ್ಕೆ 50,000. ಬಿ.ಬಿ. ಕಿಂಗ್ ಅಂತಿದ್ರಲ್ಲ, ಗಿಟಾರ್ ದೊಡ್ಡಪ್ಪ, ಅವರು ಅಲ್ಲಿ ಪೆಪ್ಟಿಕಾನ್ ಅನ್ನೋ ಟಾನಿಕ್ ಮಾರೋ ಹುಡುಗನಾಗಿ ಸೇರಿದ್ದು, ಟಾನಿಕ್ ಜಾಹೀರಾತು ಹಾಡ್ತಾ ಹಾಡ್ತಾ ಹೆಸರು ಮಾಡಿದ್ರು. ಬಿ.ಬಿ. ಅನ್ನೋದೂ ಅಲ್ಲಿನ ರೇಡಿಯೋ ಹೆಸರೇ, ಬ್ಲೂಸ್ ಬಾಯ್ ಅಂತ.

ಅಲ್ಲೇ ಇನ್ನೊಂದು ಸ್ಟೇಷನ್, ಡಬ್ಲ್ಯೂಎಚ್‌ಬಿಕ್ಯೂ, ಚಿಸ್ಕಾ ಹೋಟೆಲ್ ಒಳಗೆ ಸ್ಟುಡಿಯೋ. ರಾತ್ರಿ ಡ್ಯೂಯಿ ಫಿಲಿಪ್ಸ್ ಅಂತ ಬಿಳಿ ಡಿಜೆ, ಬಾಯಿಗೆ ಬೀಗ ಇಲ್ಲದ ಮನುಷ್ಯ, ಕರಿಯರ ಹಾಡು, ಬಿಳಿಯರ ಹಾಡು ಎಲ್ಲಾ ಒಂದೇ ಬಾಣಲೆಗೆ ಹಾಕೋನು. 1954ರ ಜುಲೈ 5ರ ರಾತ್ರಿ ಸ್ಯಾಮ್ ಫಿಲಿಪ್ಸ್ ಅವರ ಸನ್ ಸ್ಟುಡಿಯೋದಲ್ಲಿ (ಇಬ್ಬರೂ ಫಿಲಿಪ್ಸೇ, ಸಂಬಂಧಿಕರಲ್ಲ) 19 ವರ್ಷದ ಎಲ್ವಿಸ್ ದಟ್ಸ್ ಆಲ್ ರೈಟ್ ಅನ್ನೋ ಹಾಡು ಹಾಡಿದ, ಮೂಲ ಆರ್ಥರ್ ಕ್ರೂಡಪ್ ಅನ್ನೋ ಕರಿಯ ಬ್ಲೂಸ್ ಗಾಯಕರದ್ದು. ಎರಡು ಮೂರು ದಿನದಲ್ಲೇ ಅದರ ಪ್ರತಿ ಡ್ಯೂಯಿ ಕೈಗೆ ಬಂತು, ಅಂಗಡಿಗೆ ರೆಕಾರ್ಡ್ ಬಂದಿದ್ದು 19ನೇ ತಾರೀಖು, ಅದಕ್ಕೂ ಮುಂಚೆನೇ. ಡ್ಯೂಯಿ ಒಂದ್ಸಲ ಹಾಕಿದ, ಫೋನ್ ಹೊಡ್ಕೊಳ್ಳೋಕೆ ಶುರು, ಮತ್ತೆ ಹಾಕಿದ, ಮತ್ತೆ ಹಾಕಿದ. ಹುಡುಗ ನಾಚಿಕೆಗೆ ಸಿನಿಮಾ ಥಿಯೇಟರಲ್ಲಿ ಹೋಗಿ ಕೂತಿದ್ದ, ಅಪ್ಪ ಅಮ್ಮ ಹೋಗಿ ಕತ್ತಲಲ್ಲಿ ಹುಡುಕಿ ಎಳ್ಕೊಂಡು ಬಂದ್ರು. ಬಂದವನಿಗೆ ನಡುಕ. ಡ್ಯೂಯಿ ಸುಮ್ಮನೆ ಕೂತ್ಕೋ, ಶುರು ಮಾಡುವಾಗ ಹೇಳ್ತೀನಿ ಅಂದು ಅದೂ ಇದೂ ಕೇಳ್ತಾ, ಯಾವ ಹೈಸ್ಕೂಲಪ್ಪಾ ನಿಂದು ಅಂದ. ಹ್ಯೂಮ್ಸ್ ಅಂದ ಎಲ್ವಿಸ್. ಮಾತೆಲ್ಲಾ ಮುಗಿದ ಮೇಲೆ ಇಂಟರ್‌ವ್ಯೂ ಯಾವಾಗ ಅಂದ್ರೆ, ಆಗ್ಲೇ ಆಯ್ತು, ಮೈಕ್ ಆನ್ ಇತ್ತು ಅಂದನಂತೆ.

ಆ ಹೈಸ್ಕೂಲ್ ಪ್ರಶ್ನೆ ಲೋಕಾಭಿರಾಮಕ್ಕೆ ಕೇಳಿದ್ದಲ್ಲ. ಆ ಕಾಲದ ಮೆಂಫಿಸಲ್ಲಿ ಶಾಲೆಗಳೆಲ್ಲಾ ಬಣ್ಣದ ಮೇಲೆ ಬೇರೆ ಬೇರೆ. ಹ್ಯೂಮ್ಸ್ ಬಿಳಿಯರ ಶಾಲೆ. ಹಾಡು ಕೇಳಿದವರಲ್ಲಿ ಬಹಳ ಜನ ಹಾಡಿದವನು ಕರಿಯ ಅನ್ಕೊಂಡಿದ್ರು, ರೇಡಿಯೋಲಿ ಮುಖ ಕಾಣಲ್ಲವಲ್ಲ, ಡ್ಯೂಯಿ ಬಾಯಿಬಿಟ್ಟು ಹೇಳೋ ಹಾಗೂ ಇಲ್ಲ, ಒಂದೇ ಶಾಲೆ ಹೆಸರಲ್ಲಿ ಜಾತಕ ಹೇಳಿಬಿಟ್ಟ. ನಮ್ಮೂರಲ್ಲಿ "ಯಾವ ಕೇರಿ ನಿಮ್ದು" ಅಂತ ಕೇಳ್ತಾರಲ್ಲ, ಓದಿದ ತಕ್ಷಣ ನನಗೆ ಅದೇ ನೆನಪಾಗಿದ್ದು.

ಇದಕ್ಕಿಂತ ನನ್ನನ್ನ ಕಾಡಿದ್ದು ನ್ಯೂ ಆರ್ಲಿಯನ್ಸ್‌ದು. ಅಲ್ಲಿ ವರ್ನನ್ ವಿನ್ಸ್‌ಲೋ ಅಂತ ಕರಿಯ ಮೇಷ್ಟ್ರು, ಕಾಲೇಜಲ್ಲಿ ಕಲೆ ಪಾಠ ಹೇಳೋರು. ಡಬ್ಲ್ಯೂಜೆಎಂಆರ್ ಸ್ಟೇಷನ್ನಿನವರು ಅವರನ್ನ ತಗೊಂಡ್ರು, ಮಾತಾಡೋಕಲ್ಲ, ಬಿಳಿ ಅನೌನ್ಸರುಗಳಿಗೆ ಕರಿಯರ ಥರ ಮಾತಾಡೋದು ಹೆಂಗೆ ಅಂತ ಹೇಳಿಕೊಡೋಕೆ! ಪಾಪ್ಪಾ ಸ್ಟಾಪ್ಪಾ ಅಂತ ಒಂದು ಪಾತ್ರ ಕಟ್ಟಿದ್ರು, ಮಾತು ಪೂರ್ತಿ ಬರೆದುಕೊಟ್ರು, ಬಿಳಿಯವನು ಓದಿ ಹೆಸರು ಮಾಡ್ದ. ಒಂದು ರಾತ್ರಿ ಅನೌನ್ಸರ್ ಆಚೆ ಹೋಗಿದ್ದಾಗ ವಿನ್ಸ್‌ಲೋ ತಾವು ಬರೆದಿದ್ದನ್ನ ತಾವೇ ಓದಿದ್ರು. ಅವತ್ತೇ ಕೆಲಸದಿಂದ ತೆಗೆದ್ರು. 1949ರಲ್ಲಿ ಒಂದು ಬಿಯರ್ ಕಂಪನಿ ಅವರನ್ನ ಕರೆದು ಡಾಕ್ಟರ್ ಡ್ಯಾಡಿ ಓ ಅಂತ ಹೆಸರಿಟ್ಟು ಮೈಕ್ ಕೊಟ್ತು, ಆ ಊರಿನ ಮೊದಲ ಕರಿಯ ಡಿಜೆ ಆದ್ರು. ಸಮಾಧಾನಕರ ಅಂತೀರಾ? ನನಗೆ ಆ ಮಧ್ಯದ ರಾತ್ರಿಯೇ ತಲೇಲಿ ಉಳ್ಕೊಂಡಿದೆ.

ನಮ್ಮ ಒಹಾಯೋ ಬಿಟ್ರೆ ಆಗಲ್ಲ. ಕ್ಲೀವ್‌ಲ್ಯಾಂಡ್ ಇಲ್ಲಿಂದ ಎರಡು ಗಂಟೆ ಚಿಲ್ಲರೆ ದಾರಿ. ಅಲ್ಲಿ ರೆಕಾರ್ಡ್ ರಾಂದೆವೂ ಅಂತ ಲಿಯೋ ಮಿಂಟ್ಜ್ ಅನ್ನೋರ ಅಂಗಡಿ. ಅಲ್ಲಿಗೆ ಬರೋ ಹುಡುಗರು ರಿದಮ್ ಅಂಡ್ ಬ್ಲೂಸ್ ರೆಕಾರ್ಡ್ ಹುಡ್ಕೊಂಡು ಹುಡ್ಕೊಂಡು ತಗೊಳ್ಳೋದನ್ನ ಗಲ್ಲಾಪೆಟ್ಟಿಗೆ ಹಿಂದೆ ಕೂತು ನೋಡಿದ್ರು, ಡಬ್ಲ್ಯೂಜೆಡಬ್ಲ್ಯೂನಲ್ಲಿ ಶಾಸ್ತ್ರೀಯ ಸಂಗೀತ ಹಾಕ್ತಿದ್ದ ಅಲನ್ ಫ್ರೀಡನ್ನ ಹಿಡಿದು, ನಾನು ಸ್ಪಾನ್ಸರ್ ಮಾಡ್ತೀನಿ ಇದನ್ನ ಹಾಕು ಅಂದ್ರು. 1951ರ ಜುಲೈ 11ಕ್ಕೆ ಮೂನ್‌ಡಾಗ್ ಅನ್ನೋ ಹೆಸರಲ್ಲಿ ಶುರು. ಫ್ರೀಡ್ ಹಾಡು ನಡೀತಿರುವಾಗಲೇ ಟೆಲಿಫೋನ್ ಡೈರೆಕ್ಟರಿ ಮೇಲೆ ದಬದಬ ಬಡಿಯೋನು, ಹಸುವಿನ ಗಂಟೆ ಅಲ್ಲಾಡಿಸೋನು, ಜೊತೆಗೆ ಕೂಗೋನು. 1952ರ ಮಾರ್ಚ್ 21ಕ್ಕೆ ಕ್ಲೀವ್‌ಲ್ಯಾಂಡ್ ಅರೀನಾದಲ್ಲಿ ಒಂದು ಡ್ಯಾನ್ಸ್ ಇಟ್ಕೊಂಡ್ರು. ಹಿಡಿಸೋದು ಹತ್ತು ಸಾವಿರ ಜನ, ಬಂದಿದ್ದು ಅದರ ಎರಡರಷ್ಟು ಅಂತ ಅಂದಾಜು, ಬಾಗಿಲು ಮುರಿದ್ರು, ಸರಿಯಾಗಿ ಒಂದು ಹಾಡು ಮುಗಿಯೋದರೊಳಗೆ ಪೊಲೀಸರು ಬಂದ್ ಮಾಡಿಸಿದ್ರು. ಈ ಘಟನೆನ ಬಿಳಿ ಹುಡುಗರ ದಂಗೆ ಅನ್ನೋ ಹಾಗೆ ಹೇಳೋರಿದ್ದಾರೆ. ಅವತ್ತು ಬಂದವರಲ್ಲಿ ಹೆಚ್ಚಿನವರು ಕರಿಯರು. ಹಗಲೆಲ್ಲಾ ದುಡಿದು ರಾತ್ರಿ ರೇಡಿಯೋ ಕೇಳ್ತಿದ್ದ ಜನ ಇಷ್ಟಿದ್ದಾರೆ ಅಂತ ಊರಿಗೆ ಗೊತ್ತಾಗಿದ್ದೇ ಅವತ್ತು.

ಫ್ರೀಡ್ ಬಗ್ಗೆ ನನಗೆ ಪೂರ್ತಿ ಭಕ್ತಿ ಇಲ್ಲ. ರಾಕ್ ಅಂಡ್ ರೋಲ್ ಅನ್ನೋ ಮಾತು ಅವನಿಗಿಂತ ಮುಂಚೆನೇ ಕರಿಯರ ಹಾಡಲ್ಲಿ, ಆಡುಮಾತಲ್ಲಿ ಇತ್ತು, ಇವನು ಅದನ್ನ ಬೋರ್ಡಿಗೆ ಹಾಕಿದ. 1955ರಲ್ಲಿ ಚಕ್ ಬೆರಿ ಅನ್ನೋ ಕರಿಯ ಗಾಯಕ ಬರೆದ ಮೇಬಲೀನ್ ಹಾಡಿಗೆ ಫ್ರೀಡ್ ಹೆಸರೂ ಸಹಲೇಖಕ ಅಂತ ಸೇರ್ಕೊಂಡಿತ್ತು, ಒಂದು ಅಕ್ಷರ ಬರೆಯದೆ. ಮುಂದೆ ದುಡ್ಡು ತಗೊಂಡು ರೆಕಾರ್ಡ್ ಹಾಕ್ತಾರೆ ಅನ್ನೋ ಪೇಯೋಲಾ ಹಗರಣದಲ್ಲಿ 1959ರಲ್ಲಿ ಕೆಲಸ ಹೋಯ್ತು, 1965ರಲ್ಲಿ 43ನೇ ವಯಸ್ಸಿಗೆ ಸತ್ತ. ಗ್ಯಾಲಟಿನ್ನಿನ ರ್‍ಯಾಂಡಿ ವುಡ್ ಕೂಡ ಕಮ್ಮಿ ಇಲ್ಲ, ರಾತ್ರಿ ಕರಿಯರ ರೆಕಾರ್ಡ್ ಅಂಚೇಲಿ ಮಾರಿದ ಅದೇ ಮನುಷ್ಯ ಡಾಟ್ ಅಂತ ಕಂಪನಿ ಕಟ್ಟಿ, ಕರಿಯ ಗಾಯಕ ಫ್ಯಾಟ್ಸ್ ಡೊಮಿನೋ ಹಾಡನ್ನ 1955ರಲ್ಲಿ ಪ್ಯಾಟ್ ಬೂನ್ ಅನ್ನೋ ಬಿಳಿ ಹುಡುಗನ ಕೈಲಿ ಇಸ್ತ್ರಿ ಮಾಡಿಸಿದ ಹಾಗೆ ಹಾಡಿಸಿ ನಂಬರ್ ಒನ್ ಮಾಡಿಸಿದ್ರು. ಅದನ್ನೂ ಈ ರೇಡಿಯೋಲಿ ಕೇಳಿದೆ. ಸಪ್ಪೆ.

ಕೇಳಿದೆ ಅಂದ್ರೆ ಹೆಂಗೆ ಅಂತೀರಾ, ಹೌದು, ಆ ಸ್ಟೇಷನ್ನುಗಳಲ್ಲಿ ಈಗ ಆ ಹಾಡು ಎಲ್ಲಿ ಬರುತ್ತೆ. 1510 ಒಂದು ರಾತ್ರಿ ಸಿಕ್ತು, ಬರೀ ಸುದ್ದಿ, ಮಾತು. ಅದಕ್ಕೇ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಎಎಂ ಟ್ರಾನ್ಸ್‌ಮಿಟರ್ ಒಂದು ತಗೊಂಡೆ, ಮನೆ ಒಳಗಷ್ಟೇ ಹೋಗೋ ಪವರ್, ಲೈಸೆನ್ಸ್ ಬೇಡ. ಫೋನಿಗೆ ಚುಚ್ಚಿದ್ರೆ ಹಾಡು ರೇಡಿಯೋಲಿ ಬರುತ್ತೆ. ಮೊದಲು ಎಲ್ವಿಸ್‌ನ ಅದೇ ಮೊದಲ ಹಾಡು ಹಾಕಿದೆ. ಇಯರ್‌ಫೋನಲ್ಲಿ ಈ ಹಾಡಲ್ಲಿ ಡ್ರಮ್ಮೇ ಇಲ್ಲ, ಖಾಲಿ ಖಾಲಿ ಅನ್ನಿಸ್ತಿತ್ತು. ಈ ನಾಲ್ಕಿಂಚಿನ ಸ್ಪೀಕರಲ್ಲಿ ಬಾಸ್‌ನ ತಂತಿ ಟಪ್ ಟಪ್ ಅಂತ ಮರಕ್ಕೆ ಬಡಿಯೋದು ಡ್ರಮ್ಮಾಗಿ ಕೇಳ್ಸುತ್ತೆ, ದನಿ ಎದುರುಗಡೆ ಕೂತು ಹಾಡಿದ ಹಾಗೆ ಮುಂದಕ್ಕೆ ಬರುತ್ತೆ, ಮಿಕ್ಕ ಖಾಲಿ ಜಾಗ ತುಂಬೋಕೆ ವಾಲ್ವಿನ ಬಿಸಿ ಗುಂಜು ಇದೆ. ಈ ಹಾಡು ಈ ಡಬ್ಬಾಕ್ಕೆ ಅಂತಲೇ ಹೊಲಿಸಿದ ಅಂಗಿ. ತೀರಾ ಸಣ್ಣ ದನಿ, ಮೇಲಿನ ಸ್ವರ ಕೇಳಲ್ಲ, ಬಾಲಮುರಳಿಯವರ ಕಛೇರಿ ಹಾಕಿದ್ರೆ ಮೃದಂಗ ಗೋಣಿಚೀಲಕ್ಕೆ ಬಡಿದ ಹಾಗೆ ಕೇಳುತ್ತೆ, ಅದನ್ನೂ ಹೇಳ್ಬೇಕಲ್ಲ.

ಗಾಳಿಲಿ ನಿಜವಾಗಿ ಬರೋದು ಅಂದ್ರೆ 650, ನ್ಯಾಶ್‌ವಿಲ್‌ನ ಡಬ್ಲ್ಯೂಎಸ್‌ಎಂ, ಶನಿವಾರ ರಾತ್ರಿಯ ಗ್ರ್ಯಾಂಡ್ ಓಲ್ ಓಪ್ರಿ ಅನ್ನೋ ಕಂಟ್ರಿ ಸಂಗೀತದ ಕಾರ್ಯಕ್ರಮ. 1954ರ ಅಕ್ಟೋಬರ್ 2ರಂದು ಎಲ್ವಿಸ್ ಅಲ್ಲಿ ಹಾಡಿದಾಗ ಅಷ್ಟಕ್ಕಷ್ಟೇ ಅಂತ ಕಳಿಸಿದ್ರು. ಎರಡೇ ವಾರಕ್ಕೆ ಶ್ರೀವ್‌ಪೋರ್ಟ್‌ನ ಲೂಸಿಯಾನಾ ಹೇರೈಡ್‌ನವರು ಕರೆದ್ರು, ಅದೂ ಶನಿವಾರ ರಾತ್ರಿ ಕಾರ್ಯಕ್ರಮ, ಅದೂ 50,000 ವಾಟ್. ಆಮೇಲೆ ಅವನ ಶೋಗಳು ನಡೆದ ಊರಿನ ಪಟ್ಟಿ ನೋಡಿ, ಪೂರ್ವ ಟೆಕ್ಸಾಸ್, ಅರ್ಕಾನ್ಸಾ, ಲೂಸಿಯಾನಾ, ಆ ಸಿಗ್ನಲ್ ಎಲ್ಲಿ ಚೆನ್ನಾಗಿ ಮುಟ್ಟುತ್ತಿತ್ತೋ ಅಲ್ಲಿಯೇ ತಿರುಗಾಟ, ನಮ್ಮ ಯಕ್ಷಗಾನ ಮೇಳದವರ ಹಾಗೆ.

ಅಮ್ಮ ಊರಿಂದ ಬಂದಿದ್ರು ಆರು ತಿಂಗಳಿಗೆ. ರೇಡಿಯೋ ನೋಡಿದ ತಕ್ಷಣ ನಮ್ಮ ಮನೇಲಿದ್ದ ಮರ್ಫಿ ಹಿಂಗೇ ಇತ್ತಲ್ವೇನೋ, ಹಚ್ಚಿದ ಮೇಲೆ ಒಂದು ನಿಮಿಷ ಕಾಯ್ಬೇಕು, ನಿಮ್ಮಪ್ಪ ವರ್ಷ ವರ್ಷ ಪೋಸ್ಟಾಫೀಸಿಗೆ ಹೋಗಿ ಲೈಸೆನ್ಸ್ ದುಡ್ಡು ಕಟ್ಟಿ ಬರೋರು ಅಂದ್ರು. ಇಲ್ಲಿ ಲೈಸೆನ್ಸ್ ಇರಲಿಲ್ಲಮ್ಮ ಅಂದೆ. ಪುಕ್ಕಟೆನಾ ಅಂತ ಆಶ್ಚರ್ಯ. ಶನಿವಾರ ಊಟ ಆದ್ಮೇಲೆ 650 ಹಿಡಿದುಕೊಟ್ರೆ ಕಣ್ಣು ಮುಚ್ಚಿ ಕೇಳ್ತಾ, ಇದು ಪಿಟೀಲೇ ತಾನೆ, ಯಾಕೆ ಅಷ್ಟು ಅವಸರದಲ್ಲಿ ಬಾರಿಸ್ತಾರೆ, ರೈಲು ತಪ್ಪಿಹೋಗುತ್ತಾ ಅಂತ ಕೇಳಿದ್ರು. ಅಷ್ಟರಲ್ಲಿ ಸ್ಟೇಷನ್ ದೂರ ಹೋಗಿ ಹೋಗಿ, ಮತ್ತೆ ಹತ್ರ ಬಂತು. ಅವರು ಎದ್ದು ಹೋಗಲಿಲ್ಲ, ಬರುತ್ತೆ ಇರು ಅಂದ್ರು.

ತಗೋಬೇಕಾ ಅಂತ ಕೇಳೋರಿಗೆ: ಹಗಲು ಹಾಡು ಕೇಳೋ ಆಸೆ ಇದ್ರೆ ಬೇಡ. ಮಕ್ಕಳ ಕೈಗೆ ಸಿಗೋ ಜಾಗದಲ್ಲಿ ಇಡೋದಾದ್ರೆ ಖಂಡಿತ ಬೇಡ. ಊರಿಗೆ ತಗೊಂಡು ಹೋಗಿ 230 ವೋಲ್ಟಿಗೆ ಚುಚ್ಚಿದ್ರೆ ಐದೂ ವಾಲ್ವು ಪಟಾಕಿ. ಹಳೇ ಸೆಟ್ಟು ರಿಪೇರಿ ಆಗದೆ ಪ್ಲಗ್ ಹಾಕ್ಲೇಬೇಡಿ, ಮಾರೋನು ಏನೇ ಬರೆದಿರ್ಲಿ. 1954ರ ಕೊನೇಲಿ ಬಂದ ರೀಜೆನ್ಸಿ ಟಿಆರ್-1, ಜೇಬಿನ ಟ್ರಾನ್ಸಿಸ್ಟರ್ ರೇಡಿಯೋ, 49.95 ಡಾಲರಿಗೆ ಸಿಕ್ತಿತ್ತು, ಹುಡುಗರು ಅಪ್ಪ ಅಮ್ಮನಿಂದ ದೂರ ಹೋಗಿ ಕೇಳೋಕೆ ದಾರಿ ಮಾಡಿಕೊಟ್ಟಿದ್ದು ಅಂಥವೇ, ಅದನ್ನ ತಗೋಬಹುದಿತ್ತಲ್ಲ ಅಂದ್ರೆ, ಸಂಗ್ರಹ ಮಾಡೋರು ಈಗ ಅದರ ರೇಟು ಆಕಾಶಕ್ಕೆ ಏರಿಸಿಟ್ಟಿದ್ದಾರೆ. ಒಟ್ಟು ನನಗೆ ಬಿದ್ದಿದ್ದು 157 ಡಾಲರ್, ಟ್ರಾನ್ಸ್‌ಮಿಟರ್ ಬೇರೆ. ರೇಡಿಯೋಗೆ ಐದಕ್ಕೆ ಮೂರೂವರೆ, ಮಾರಿದವನಿಗೆ ಒಂದು, ಅದೂ ಬಾಕ್ಸಿಗೆ ಪೇಪರ್ ಚೆನ್ನಾಗಿ ತುರುಕಿದ್ದಕ್ಕೆ.

ಇನ್ನೊಂದು ವಿಷಯ, ಯಾರ ಹತ್ರನಾದ್ರೂ ಹಳೇ ಸೆಟ್ಟಿನ ಕಂದು ಗುಂಡಿ ಇದ್ರೆ, ಕಾಲಿಂಚಿನ ಕಡ್ಡಿಗೆ ಕೂರೋದು, ಒಂದು ಕಡೆ ಚಪ್ಪಟೆ ಇರೋದು, ದಯವಿಟ್ಟು ಕೆಳಗೆ ಬರೀರಿ. ಟೂತ್‌ಪೇಸ್ಟ್ ಮುಚ್ಚಳ ಸಡಿಲ ಆಗ್ತಾ ಬಂದಿದೆ.